ಮೊದಲು ಬಂಧುಬಳಗ ಹುಡುಕಿ: ವಿಕ್ಟೋರಿಯಾದಲ್ಲಿ ಅಬಾರಿಜಿನಲ್ ಮಕ್ಕಳ ರಕ್ಷಣೆಯ ಕೆಲಸ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮಕ್ಕಳ ಕೋರ್ಟು ಒಂದು ಮಗುವಿನ ಮೇಲೆ ರಕ್ಷಣಾ ಆದೇಶ ಮಾಡಿತೆಂದರೆ, ಮಗು ಯಾರ ಮನೆಯಲ್ಲಿರಬೇಕು, ಯಾವ ಶಾಲೆಗೆ ಹೋಗಬೇಕು, ಯಾರನ್ನು ಎಷ್ಟು ಸಲ ನೋಡಬೇಕು ಎಂಬ ತೀರ್ಮಾನಗಳಲ್ಲಿ ಬಹುಪಾಲು ಸರ್ಕಾರಿ ಇಲಾಖೆಯ ಕಾರ್ಯದರ್ಶಿಯ ಹೆಸರಿನಲ್ಲಿ ನಡೆಯುತ್ತವೆ. 2005ರ ಮಕ್ಕಳು, ಯುವಜನ ಮತ್ತು ಕುಟುಂಬಗಳ ಕಾಯ್ದೆಯ 18ನೇ ಸೆಕ್ಷನ್ ಈ ಅಧಿಕಾರವನ್ನು ಅಬಾರಿಜಿನಲ್ (ಅಲ್ಲಿನ ಮೂಲನಿವಾಸಿ) ಸಂಸ್ಥೆಯೊಂದರ ಮುಖ್ಯಾಧಿಕಾರಿಗೆ ಬರಹದಲ್ಲಿ ವಹಿಸಿಕೊಡಲು ದಾರಿ ಮಾಡಿದೆ. ಕಾಯ್ದೆ ಬಂದ ಮೇಲೂ ಈ ಸೆಕ್ಷನ್ ವರ್ಷಗಟ್ಟಲೆ ಪುಸ್ತಕದಲ್ಲೇ ಉಳಿದಿತ್ತು. 2017ರಲ್ಲಿ ಮೊದಲ ಬಾರಿಗೆ ವಾಕ್ಕಾ (ವಿಕ್ಟೋರಿಯನ್ ಅಬಾರಿಜಿನಲ್ ಚೈಲ್ಡ್ ಕೇರ್ ಏಜೆನ್ಸಿ) ಎಂಬ ಸಂಸ್ಥೆಗೆ ಪೂರ್ಣ ಅಧಿಕಾರ ಸಿಕ್ಕಿತು. ಅಲ್ಲಿ ಈ ಕೆಲಸ ನೋಡುವ ವಿಭಾಗದ ಹೆಸರು ನೂಗಲ್. ಆಮೇಲೆ ಬೆಂಡಿಗೋ ಪ್ರದೇಶದ ಅಬಾರಿಜಿನಲ್ ಸಹಕಾರಿ ಸಂಸ್ಥೆ ಬಂತು. 2023ರ ತಿದ್ದುಪಡಿಯ ನಂತರ ದೂರಿನ ತನಿಖೆಯ ಹಂತವನ್ನೂ ಇಂಥ ಸಂಸ್ಥೆಗಳಿಗೆ ಕೊಡಲು ಅವಕಾಶವಾಗಿದೆ.

ಕರ್ನಾಟಕದಿಂದ ಹೋಗಿ ಮೆಲ್ಬರ್ನ್‌ನಲ್ಲಿ ಸೋಷಿಯಲ್ ವರ್ಕ್ ಓದಿ ಈ ಕ್ಷೇತ್ರಕ್ಕೆ ಕಾಲಿಡುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ. ಒಂದು ಮಗುವಿನ ಫೈಲು ಇಲಾಖೆಯಿಂದ ಸಂಸ್ಥೆಗೆ ಬಂದ ದಿನದಿಂದ ಅದು ಮುಚ್ಚುವ ದಿನದವರೆಗೆ ಏನೇನು ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದಷ್ಟೇ ಇಲ್ಲಿದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಮಗುವಿನ ಬಂಧುಬಳಗವನ್ನು ಹುಡುಕುವುದು ಮೊದಲ ಕೆಲಸ. ಅದು ತಡವಾದರೆ ಮುಂದಿನ ಪ್ರತಿಯೊಂದು ಕೆಲಸವೂ ತಪ್ಪು ಬುನಾದಿಯ ಮೇಲೆ ನಿಲ್ಲುತ್ತದೆ.

ಈ ಮನೆಗಳ ಬಾಗಿಲು ತಟ್ಟುವ ಮೊದಲು ಒಂದು ಇತಿಹಾಸ ಗೊತ್ತಿರಬೇಕು. ವಿಕ್ಟೋರಿಯಾದ 1869ರ ಅಬಾರಿಜಿನಲ್ ರಕ್ಷಣಾ ಕಾಯ್ದೆ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1886ರ ಕಾಯ್ದೆ ಮಿಶ್ರ ಸಂತಾನ ಎಂದು ಗುರುತಿಸಿದವರನ್ನು ಮಿಷನ್‌ಗಳಿಂದ (ಮೂಲನಿವಾಸಿಗಳನ್ನು ಇರಿಸಿದ್ದ ವಸಾಹತುಗಳಿಂದ) ಹೊರಹಾಕಿ ಕುಟುಂಬಗಳನ್ನು ಒಡೆಯಿತು. 1910ರಿಂದ 1970ರವರೆಗೆ ದೇಶದಾದ್ಯಂತ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮೂಲನಿವಾಸಿ ಮಕ್ಕಳನ್ನು ಬಲವಂತವಾಗಿ ಕೊಂಡೊಯ್ಯಲಾಗಿತ್ತು ಎಂದು 1997ರ ರಾಷ್ಟ್ರೀಯ ವಿಚಾರಣಾ ವರದಿ ಹೇಳಿತು. ಪ್ರಧಾನಿ ಕೆವಿನ್ ರಡ್ 2008ರ ಫೆಬ್ರವರಿ 13ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆದರೆ ಇಂದು ನೀವು ಭೇಟಿಯಾಗುವ ಅಜ್ಜಿ ಹಾಗೆ ಎತ್ತಿಕೊಂಡು ಹೋದ ಮಕ್ಕಳಲ್ಲಿ ಒಬ್ಬರಾಗಿರಬಹುದು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲು ಹಿಡಿದು ಬಂದವರನ್ನು ಅವರು ಹೇಗೆ ಕಾಣುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ವಾಕ್ಕಾ 1970ರ ದಶಕದಲ್ಲಿ ಹುಟ್ಟಿದ್ದೂ ಇದೇ ಗಾಯದಿಂದ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಮಾಲಿ ಡಯರ್ ಅವರ ತಾಯಿ ಮಾರ್ಗರೆಟ್ ಟಕರ್ ಅವರನ್ನು ಬಾಲ್ಯದಲ್ಲಿ ಮನೆಯಿಂದ ಎಳೆದೊಯ್ಯಲಾಗಿತ್ತು.

ಹಸ್ತಾಂತರಕ್ಕೆ ಬರೋಣ. ಅಧಿಕಾರವನ್ನು ಒಟ್ಟಾಗಿ ಕೊಡುವುದಿಲ್ಲ, ಒಂದೊಂದು ಮಗುವಿನ ಹೆಸರಿಗೆ ಬೇರೆ ಬೇರೆಯಾಗಿ ಕೊಡುತ್ತಾರೆ. ಇಲಾಖೆ ಮತ್ತು ಸಂಸ್ಥೆ ಕೂತು ಮಗುವನ್ನು ಗುರುತಿಸುತ್ತವೆ, ತಂದೆತಾಯಿಯ ಮತ್ತು ವಯಸ್ಸಿಗೆ ತಕ್ಕಂತೆ ಮಗುವಿನ ಅಭಿಪ್ರಾಯ ಕೇಳುತ್ತವೆ, ಮುಖ್ಯಾಧಿಕಾರಿ ಒಪ್ಪಿದ ಮೇಲೆ ಕಾರ್ಯದರ್ಶಿ ಸಹಿ ಮಾಡುತ್ತಾರೆ. ಸಹಿ ಬಿದ್ದ ಗಳಿಗೆಯಿಂದ ಮಗುವಿಗೆ ಏನಾದರೂ ಮುಖ್ಯಾಧಿಕಾರಿಯೇ ಹೊಣೆ. ಆದ್ದರಿಂದ ಸಹಿಗೆ ಮುಂಚೆಯೇ ಕೆಲವು ಏರ್ಪಾಡು ಇರಲೇಬೇಕು: ರಾತ್ರಿ ಮತ್ತು ರಜಾದಿನ ಫೋನ್ ಎತ್ತುವವರ ಸರದಿ, ಮಕ್ಕಳ ಕೋರ್ಟಿನಲ್ಲಿ ಸಂಸ್ಥೆಯ ಪರ ನಿಲ್ಲುವ ವಕೀಲರು, ಇಲಾಖೆಯ ಕಂಪ್ಯೂಟರ್ ದಾಖಲೆ ನೋಡಲು ಅನುಮತಿ, ಮಗು ಓಡಿಹೋದರೆ ಪೊಲೀಸರ ಜತೆ ಯಾರು ಮಾತನಾಡುತ್ತಾರೆ ಎಂಬ ನಿಗದಿ. ಗಂಭೀರ ಘಟನೆ ನಡೆದರೆ 24 ಗಂಟೆಯೊಳಗೆ ವರದಿ ಹೋಗಬೇಕು. ಸಿಬ್ಬಂದಿಯ ಅಥವಾ ಪೋಷಕರ ಮೇಲೆ ಮಗುವಿಗೆ ಹಿಂಸೆ ಕೊಟ್ಟ ಆರೋಪ ಬಂದರೆ ಮುಖ್ಯಸ್ಥರು 3 ಕೆಲಸದ ದಿನಗಳೊಳಗೆ ಮಕ್ಕಳ ಸುರಕ್ಷತೆಯ ಮೇಲೆ ಕಣ್ಣಿಡುವ ರಾಜ್ಯದ ಪ್ರಾಧಿಕಾರಕ್ಕೆ ತಿಳಿಸಬೇಕು, 30 ದಿನದೊಳಗೆ ವಿವರ ಕೊಡಬೇಕು. ಈ ಏರ್ಪಾಡಿಗೆ ಹಣ ಕೊಡದೆ ಬರೀ ಮಕ್ಕಳ ಸಂಖ್ಯೆಗೆ ತಕ್ಕಂತೆ ಅನುದಾನ ಕೊಡುವ ಒಪ್ಪಂದಕ್ಕೆ ಯಾವ ಸಂಸ್ಥೆಯೂ ಒಪ್ಪಬಾರದು. ಅಧಿಕಾರ ಬಂದು ರಾತ್ರಿ ಪಾಳಿ ಇಲ್ಲದಿದ್ದರೆ ಮೊದಲ ಶನಿವಾರವೇ ಎಲ್ಲ ಕುಸಿಯುತ್ತದೆ.

ಹಸ್ತಾಂತರದಲ್ಲಿ ಸಾಮಾನ್ಯವಾಗಿ ಆಗುವ ಅನಾಹುತ ಕೋರ್ಟು ವಾಯಿದೆಯದ್ದು. ಆದೇಶದ ಅವಧಿ ಇನ್ನೆರಡು ವಾರಕ್ಕೆ ಮುಗಿಯುವ ಫೈಲನ್ನು ಒಪ್ಪಿಕೊಂಡರೆ, ಮಗುವಿನ ಮುಖ ಸರಿಯಾಗಿ ನೋಡುವ ಮೊದಲೇ ಅದರ ಭವಿಷ್ಯದ ಬಗ್ಗೆ ವರದಿ ಬರೆಯಬೇಕಾಗುತ್ತದೆ. ಆಗ ಬರೆಯುವವರು ಹಳೆಯ ವರದಿಯ ವಾಕ್ಯಗಳನ್ನೇ ನಕಲು ಮಾಡುತ್ತಾರೆ, ಹಳೆಯ ತೀರ್ಪುಗಳೂ ಅದರ ಜತೆಗೇ ಬರುತ್ತವೆ. ಮುಂದಿನ ವಾಯಿದೆಗೆ ಕನಿಷ್ಠ ಮೂರು ತಿಂಗಳಿರುವ ಫೈಲುಗಳನ್ನೇ ಮೊದಲು ತೆಗೆದುಕೊಳ್ಳಿ ಎಂಬುದು ನಮ್ಮ ಸಲಹೆ. ಹಳೆಯ ಕಾರ್ಯಕರ್ತರು ಮತ್ತು ಹೊಸಬರು ಒಟ್ಟಿಗೇ ಮಗುವಿನ ಮನೆಗೆ, ಶಾಲೆಗೆ, ತಾಯಿಯ ಬಳಿಗೆ ಹೋಗಬೇಕು. ಈಮೇಲ್‌ನಲ್ಲಿ ಮುಗಿಸಿದ ಹಸ್ತಾಂತರ ಹಸ್ತಾಂತರವಲ್ಲ.

ಇನ್ನು ಬಂಧುಬಳಗದ ಹುಡುಕಾಟ. ಇದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇವೆ.

ಬರುವ ಫೈಲಿನಲ್ಲಿ ಒಂದು ವಂಶವೃಕ್ಷದ ಪುಟ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ತಾಯಿ, ತಾಯಿಯ ತಾಯಿ, ಒಂದಿಬ್ಬರು ಮಾವಂದಿರು ಇರುತ್ತಾರೆ. ತಂದೆಯ ಜಾಗದಲ್ಲಿ ಒಂದು ಹೆಸರು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ತಂದೆಯ ಕಡೆಯ ಅಜ್ಜಿ, ಸೋದರತ್ತೆಯರು, ಅವರ ಊರು, ಯಾವುದೂ ಇಲ್ಲ. ತಂದೆ ಜೈಲಿನಲ್ಲಿದ್ದರೆ ಅಥವಾ ಹಿಂಸೆಯ ಆರೋಪ ಇದ್ದರೆ ಆ ಇಡೀ ಕಡೆಯನ್ನೇ ಬಿಟ್ಟಿರುತ್ತಾರೆ. ಅಪ್ಪನಿಂದ ಮಗುವನ್ನು ಕಾಪಾಡಬೇಕಾದ ಕೇಸಿನಲ್ಲೂ ಅಪ್ಪನ ಅಕ್ಕ ಮಗುವಿಗೆ ಒಳ್ಳೆಯ ಮನೆ ಆಗಬಹುದು ಎಂಬುದು ಯಾರಿಗೂ ಹೊಳೆದಿರುವುದಿಲ್ಲ.

ಇಲಾಖೆಯ ನಮೂನೆ ಚಿಕ್ಕ ಕುಟುಂಬಕ್ಕೆಂದು ಮಾಡಿದ್ದು. ಅನೇಕ ಅಬಾರಿಜಿನಲ್ ಸಮುದಾಯಗಳಲ್ಲಿ ತಾಯಿಯ ಅಕ್ಕತಂಗಿಯರೂ ತಾಯಂದಿರೇ, ಅವರ ಮಕ್ಕಳು ಒಡಹುಟ್ಟಿದವರೇ. ದೊಡ್ಡಮ್ಮ ಚಿಕ್ಕಮ್ಮಂದಿರ ಮಡಿಲಲ್ಲಿ ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಮೂನೆಯಲ್ಲಿ ಅವರೆಲ್ಲ 'ದೂರದ ಬಂಧು' ಎಂಬ ಒಂದೇ ಖಾನೆಗೆ ಬೀಳುತ್ತಾರೆ. ರಕ್ತಸಂಬಂಧ ಇಲ್ಲದೆಯೂ ಆಂಟಿ, ಅಂಕಲ್ ಎಂದು ಗೌರವದಿಂದ ಕರೆಸಿಕೊಳ್ಳುವ ಹಿರಿಯರಂತೂ ಎಲ್ಲೂ ಇರುವುದಿಲ್ಲ. ಹಾಗಾಗಿ ನಮೂನೆಯನ್ನು ಪಕ್ಕಕ್ಕಿಟ್ಟು ದೊಡ್ಡ ಕಾಗದದ ಸುರುಳಿ ತೆಗೆದುಕೊಳ್ಳಿ. ಮೇಜಿನುದ್ದಕ್ಕೂ ಬಿಡಿಸಿ, ನಡುವೆ ಮಗುವಿನ ಹೆಸರು ಬರೆದು, ಪೆನ್ನನ್ನು ಅಜ್ಜಿಯ ಕೈಗೆ ಕೊಡಿ. ಇವರು ಯಾರು ಎಂದು ಕೇಳುವುದಕ್ಕಿಂತ ಕ್ರಿಸ್‌ಮಸ್‌ಗೆ ಯಾರ ಮನೆಯಲ್ಲಿ ಸೇರುತ್ತೀರಿ, ಮಣ್ಣಿಗೆ ಹೋದಾಗ ಯಾರ ಪಕ್ಕ ಕೂರುತ್ತೀರಿ, ಮಗು ಚಿಕ್ಕದಿದ್ದಾಗ ಯಾರು ಎತ್ತಿಕೊಂಡು ತಿರುಗುತ್ತಿದ್ದರು ಎಂದು ಕೇಳಿದರೆ ಹೆಸರು ತಾವಾಗಿ ಬರುತ್ತವೆ. ತೀರಿಹೋದವರ ಹೆಸರು ಹೇಳಲು ಕೆಲವರು ಇಷ್ಟಪಡುವುದಿಲ್ಲ. ಅಲ್ಲಿ ಒತ್ತಾಯ ಬೇಡ, ಜಾಗ ಖಾಲಿ ಬಿಡಿ. ಒಂದೇ ಕೂಟದಲ್ಲಿ ಕಾಗದ ತುಂಬುವುದಿಲ್ಲ. ಅದನ್ನು ಸುತ್ತಿ ಕಾರಿನಲ್ಲಿ ಇಟ್ಟುಕೊಂಡು ಮುಂದಿನ ಮನೆಗೂ ಒಯ್ಯಬೇಕು. ಮೂರನೆಯ ಮನೆಯ ಹೊತ್ತಿಗೆ, ಫೈಲಿನಲ್ಲಿ 'ಬಂಧುಗಳು ಲಭ್ಯವಿಲ್ಲ' ಎಂದು ಬರೆದಿದ್ದ ಮಗುವಿಗೆ ಕಾಗದದ ತುಂಬ ಜನ ಇರುತ್ತಾರೆ.

ಮಗು ಯಾವ ನೆಲದ್ದು ಎಂಬುದೂ ಇದರಿಂದಲೇ ಗೊತ್ತಾಗುವುದು. ಶೆಪ್ಪರ್ಟನ್, ಇಚೂಕಾ ಸುತ್ತ ಯೋರ್ಟಾ ಯೋರ್ಟಾ ಜನ, ಬೆಂಡಿಗೋದಲ್ಲಿ ಜಾ ಜಾ ವುರುಂಗ್, ನೈಋತ್ಯದಲ್ಲಿ ಗುಂಡಿಚ್‌ಮಾರಾ, ಗಿಪ್ಸ್‌ಲ್ಯಾಂಡ್‌ನಲ್ಲಿ ಗುನೈಕುರ್ನೈ. ಮಗುವಿನ ತಾಯಿ ಒಂದು ಜನದವರು, ತಂದೆ ಇನ್ನೊಂದು ಜನದವರು ಆಗಿರುವುದು ಸಾಮಾನ್ಯ. 'ಅಬಾರಿಜಿನಲ್: ಹೌದು' ಎಂದಷ್ಟೇ ಟಿಕ್ ಹಾಕಿ ಬಿಟ್ಟ ಫೈಲಿನಿಂದ ಯಾವ ಹಿರಿಯರಿಗೆ ಫೋನ್ ಮಾಡಬೇಕು ಎಂದು ತಿಳಿಯುವುದಿಲ್ಲ. ಕುಟುಂಬವೇ ಹಿಂದಿನ ತಲೆಮಾರಿನಲ್ಲಿ ಬೇರ್ಪಟ್ಟಿದ್ದರೆ ಅಂಥವರನ್ನು ಮತ್ತೆ ಸೇರಿಸುವ ಲಿಂಕ್-ಅಪ್ ಸೇವೆ, ಮೆಲ್ಬರ್ನ್‌ನ ಕೂರಿ ಹೆರಿಟೇಜ್ ಟ್ರಸ್ಟ್ (ಕೂರಿ ಎಂದರೆ ಆಗ್ನೇಯ ಆಸ್ಟ್ರೇಲಿಯಾದ ಮೂಲನಿವಾಸಿಗಳು), ಹಳೆಯ ಮಿಷನ್ ದಾಖಲೆಗಳು ನೆರವಿಗೆ ಬರುತ್ತವೆ. ಮಾನವಶಾಸ್ತ್ರಜ್ಞ ನಾರ್ಮನ್ ಟಿಂಡೇಲ್ 1938-39ರಲ್ಲಿ ಬರೆದುಕೊಂಡ ವಂಶಾವಳಿಗಳು ಅಡಿಲೇಡ್‌ನ ವಸ್ತುಸಂಗ್ರಹಾಲಯದಲ್ಲಿವೆ. ದಾಖಲೆ ಕೈಗೆ ಬರಲು ತಿಂಗಳುಗಳು ಹಿಡಿಯುವುದರಿಂದ ಅರ್ಜಿಯನ್ನು ಮೊದಲ ವಾರವೇ ಹಾಕಬೇಕು.

ಮೈಬಣ್ಣ ನೋಡಿ ನಿರ್ಧರಿಸುವುದು ಈಗಲೂ ಆಗುತ್ತಿದೆ. ವಂಶ, ತಾನು ಅಬಾರಿಜಿನಲ್ ಎಂದು ಗುರುತಿಸಿಕೊಳ್ಳುವುದು, ಸಮುದಾಯ ಒಪ್ಪುವುದು, ಇವು ಮೂರು ಅಳತೆಗಳು. ಭಯದಿಂದ ಮೊದಲ ಭೇಟಿಯಲ್ಲಿ ಇಲ್ಲ ಎಂದ ತಾಯಿ ಮೂರನೆಯ ಭೇಟಿಯಲ್ಲಿ ಹೌದು ಎನ್ನಬಹುದು. ಆದ್ದರಿಂದ ಒಮ್ಮೆ ಕೇಳಿ ಬಿಡದೆ ಪ್ರತಿ ಹಂತದಲ್ಲೂ ಕೇಳಬೇಕು.

ಹುಡುಕಾಟಕ್ಕೆ ಇಷ್ಟು ಅವಸರ ಯಾಕೆ ಎಂದರೆ ಕಾನೂನಿನ ಗಡಿಯಾರ ಓಡುತ್ತಿರುತ್ತದೆ. 2016ರ ಮಾರ್ಚ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಗಳು, ಮಗುವನ್ನು ತಂದೆತಾಯಿಯ ಬಳಿಗೆ ಮರಳಿಸುವ ಆದೇಶಕ್ಕೆ ಒಟ್ಟು 12 ತಿಂಗಳ ಮಿತಿ ಹಾಕಿದವು. ಮರಳುವ ಬಲವಾದ ಸಾಧ್ಯತೆ ತೋರಿಸಿದರೆ 24 ತಿಂಗಳು. ಮಧ್ಯಂತರ ಆದೇಶದಲ್ಲಿ ಹೊರಗಿದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಮದ್ಯವ್ಯಸನ ಬಿಡಿಸುವ ಕೇಂದ್ರದಲ್ಲಿ ಜಾಗ ಸಿಗಲು ತಾಯಿ ತಿಂಗಳುಗಟ್ಟಲೆ ಕಾದಳೆಂದರೆ ಆ ಕಾಯುವಿಕೆಯೂ ಅವಳ ಲೆಕ್ಕದಲ್ಲೇ ಕಳೆಯುತ್ತದೆ. ಇದು ಅನ್ಯಾಯ ಎಂದೇ ನಾವು ಭಾವಿಸುತ್ತೇವೆ. ಹೀಗಾಗಿ ಫೈಲಿನ ಮುಖಪುಟದಲ್ಲೇ ಎರಡು ತಾರೀಕು ಬರೆದಿಡಿ: ಮಗು ಮನೆ ಬಿಟ್ಟ ದಿನ, 12 ತಿಂಗಳು ಮುಗಿಯುವ ದಿನ. ತಾಯಿ ಚಿಕಿತ್ಸೆಗೆ ಹೆಸರು ಬರೆಸಿದ ದಿನ ಮತ್ತು ಜಾಗ ಸಿಕ್ಕ ದಿನವನ್ನು ಪ್ರತ್ಯೇಕವಾಗಿ ದಾಖಲಿಸಿದರೆ, ವಿಳಂಬ ಅವಳದ್ದಲ್ಲ ಎಂದು ಕೋರ್ಟಿನ ಮುಂದೆ ಇಡಲು ಆಧಾರ ಸಿಗುತ್ತದೆ.

ಕಾಗದ ತುಂಬಿದ ಮೇಲೆ ಕುಟುಂಬ ಸಭೆ. ಕುಟುಂಬವೇ ಮುಂದೆ ನಿಂತು ತೀರ್ಮಾನ ಮಾಡುವ ಈ ಪದ್ಧತಿಗೆ ನ್ಯೂಜಿಲೆಂಡಿನ 1989ರ ಕಾಯ್ದೆಯ ಕುಟುಂಬ ಸಭೆಗಳು ದಾರಿ ತೋರಿದವು. ಸಭೆ ನಡೆಸುವವರು ಸಮುದಾಯದವರಾಗಿರಬೇಕು, ಆದರೆ ಆ ಮನೆತನಕ್ಕೆ ಹತ್ತಿರದ ನೆಂಟರಾಗಿರಬಾರದು. ತಯಾರಿಯೇ ಮುಕ್ಕಾಲು ಪಾಲು ಕೆಲಸ. ಬರುವ ಪ್ರತಿಯೊಬ್ಬರನ್ನೂ ಮೊದಲೇ ಒಬ್ಬೊಬ್ಬರಾಗಿ ಕಂಡು, ಮಗುವಿನ ಸುರಕ್ಷತೆಗೆ ಏನು ಧಕ್ಕೆಯಾಗಿದೆ ಎಂದು ಸುತ್ತಿಬಳಸದೆ ಹೇಳಬೇಕು. ಜಾಗ ಇಲಾಖೆಯ ಕಚೇರಿ ಬೇಡ. ಸಹಕಾರಿ ಸಂಘದ ಕೋಣೆ, ನದಿ ದಂಡೆಯ ಪಾರ್ಕು ಆಗಬಹುದು. ಊಟ ಇರಲೇಬೇಕು, ದೂರದಿಂದ ಬರುವವರಿಗೆ ಪೆಟ್ರೋಲ್ ಖರ್ಚು ಮೊದಲೇ ಕೊಡಬೇಕು. ಮಿಲ್ಡೂರಾದಿಂದ ಮೆಲ್ಬರ್ನ್‌ಗೆ ಸುಮಾರು 540 ಕಿಲೋಮೀಟರ್. 'ಆಮೇಲೆ ಬಿಲ್ ಕೊಡಿ' ಎಂದರೆ ಅವರು ಬರಲಾರರು, ವರದಿಯಲ್ಲಿ ಮಾತ್ರ 'ಕುಟುಂಬಕ್ಕೆ ಆಸಕ್ತಿ ಇಲ್ಲ' ಎಂದು ಬರುತ್ತದೆ.

ಸಭೆಯ ಮೊದಲ ಭಾಗದಲ್ಲಿ ಕಾರ್ಯಕರ್ತರು ಕಾಳಜಿಗಳನ್ನು ಹೇಳುತ್ತಾರೆ. ಎರಡನೆಯ ಭಾಗದಲ್ಲಿ ಕಾರ್ಯಕರ್ತರೆಲ್ಲ ಎದ್ದು ಹೊರಗೆ ಹೋಗಿ ಕುಟುಂಬದವರನ್ನೇ ಬಿಡಬೇಕು. ಇದನ್ನು ಹದಿನೈದು ನಿಮಿಷಕ್ಕೆ ಮೊಟಕು ಮಾಡುವ ಚಾಳಿ ಇದೆ. ಕೋಣೆಯೊಳಗೆ ದನಿ ಏರುತ್ತದೆ, ಯಾರೋ ಅಳುತ್ತಾರೆ, ಹೊರಗಿದ್ದವರಿಗೆ ಬಾಗಿಲು ತಳ್ಳಬೇಕೆನಿಸುತ್ತದೆ. ಕಾಯಿರಿ. ಹಳೆಯ ಜಗಳವೊಂದು ಮುಗಿದ ಮೇಲೆಯೇ ಮಗುವಿನ ಮಾತು ಶುರುವಾಗುವುದು. ಹಿಂಸೆ ಮಾಡಿದವರು ಮತ್ತು ಅನುಭವಿಸಿದವರು ಇಬ್ಬರೂ ಇರುವ ಕುಟುಂಬದಲ್ಲಿ ಮಾತ್ರ ಒಂದೇ ಕೋಣೆಯ ಸಭೆ ಬೇಡ. ಎರಡು ಸಭೆ ಮಾಡಿ, ನಡುವೆ ಹಿರಿಯರೊಬ್ಬರು ಓಡಾಡಲಿ. ಮೂರನೆಯ ಭಾಗದಲ್ಲಿ ಕುಟುಂಬ ತನ್ನ ಯೋಜನೆ ಹೇಳುತ್ತದೆ. 'ಎಲ್ಲರೂ ನೋಡಿಕೊಳ್ಳುತ್ತೇವೆ' ಎಂಬುದು ಯೋಜನೆಯಲ್ಲ. ಯಾರ ಮನೆ, ಯಾವ ವಾರ, ಅಮ್ಮ ಕುಡಿದು ಬಂದರೆ ಬಾಗಿಲಲ್ಲಿ ಯಾರು ತಡೆಯುತ್ತಾರೆ, ಅವರಿಗೆ ಆಗದಿದ್ದರೆ ಯಾರಿಗೆ ಫೋನ್, ಇಷ್ಟು ಬರೆದಾಗಲೇ ಸಹಿ.

ಮಗುವನ್ನು ಎಲ್ಲಿರಿಸಬೇಕೆಂಬುದಕ್ಕೆ ಕಾಯ್ದೆಯ 13ನೇ ಸೆಕ್ಷನ್ ಕ್ರಮ ಹೇಳಿದೆ: ಮೊದಲು ಬಂಧುಗಳು, ಆಗದಿದ್ದರೆ ಸ್ಥಳೀಯ ಸಮುದಾಯದ ಅಬಾರಿಜಿನಲ್ ಕುಟುಂಬ, ಬೇರೆಯವರ ಮನೆ ಕೊನೆಯಲ್ಲಿ, ಅದೂ ಸಂಸ್ಕೃತಿಯ ನಂಟು ಉಳಿಸುವ ಷರತ್ತಿನ ಮೇಲೆ. ಬಂಧುಗಳ ಮನೆ ತಪಾಸಣೆಯಲ್ಲಿ ಕೆಲಸ ಸಿಕ್ಕಿಹಾಕಿಕೊಳ್ಳುವುದು ಪೊಲೀಸ್ ದಾಖಲೆಯಲ್ಲಿ. ಹಿಂದೆ ವಿಕ್ಟೋರಿಯಾದಲ್ಲಿ ಮಗುವನ್ನು ಸರ್ಕಾರಿ ಆರೈಕೆಗೆ ಒಯ್ದದ್ದೇ ಆ ಮಗುವಿನ ಹೆಸರಿನಲ್ಲಿ ಅಪರಾಧವಾಗಿ ದಾಖಲಾಗುತ್ತಿತ್ತು. ಅಂಥ ಅಜ್ಜಂದಿರು ಈಗ ಮೊಮ್ಮಗನನ್ನು ಸಾಕಲು ಮುಂದೆ ಬಂದರೆ, ಎರಡು ವರ್ಷದ ಮಗುವಾಗಿದ್ದಾಗಿನ ಆ ಸಾಲು ಕಾಗದದಲ್ಲಿ ಕಾಣಿಸಿಕೊಂಡದ್ದುಂಟು. ಸಾರ್ವಜನಿಕ ಸ್ಥಳದಲ್ಲಿ ಕುಡಿದಿರುವುದು 2023ರ ನವೆಂಬರ್‌ವರೆಗೂ ಅಪರಾಧವಾಗಿತ್ತು. 2021ರ ಕಾಯ್ದೆಯಿಂದ ಹಳೆಯ ಸಣ್ಣ ಶಿಕ್ಷೆಗಳು ದಾಖಲೆಯಿಂದ ಮರೆಯಾಗುತ್ತವೆ, ಆದರೂ ಪ್ರತಿ ಸಾಲನ್ನೂ ವರ್ಷ, ಸಂದರ್ಭ ನೋಡಿ ಓದಬೇಕು. ಮಕ್ಕಳ ಮೇಲಿನ ಅಪರಾಧ, ಇತ್ತೀಚಿನ ಹಿಂಸೆ ಇದ್ದರೆ ಯಾವ ನೆಂಟಸ್ತಿಕೆಯೂ ಸಾಲದು. ಅಲ್ಲಿ ಇಲ್ಲ ಎನ್ನಲೇಬೇಕು. ಸಂಸ್ಕೃತಿಯ ಹೆಸರಿನಲ್ಲಿ ಸುರಕ್ಷತೆಯ ಅಳತೆ ಇಳಿಸಿ ಎಂದು ಯಾವ ಹಿರಿಯರೂ ಕೇಳುವುದಿಲ್ಲ. ಮನೆಯವರ ಸಾಮರ್ಥ್ಯ ನೋಡಲು ವಿನಾಂಗೇ ಎಂಬ, ಅಬಾರಿಜಿನಲ್ ಪೋಷಕರ ಅನುಭವದಿಂದಲೇ ರೂಪುಗೊಂಡ ಸಾಧನ ಇದೆ. ಚಿತ್ರದ ಕಾರ್ಡುಗಳನ್ನಿಟ್ಟುಕೊಂಡು ಹರಟೆಯಂತೆ ಮಾತನಾಡುವುದರಿಂದ ಪ್ರಶ್ನಾವಳಿಗೆ ಸಿಗದ ಉತ್ತರ ಸಿಗುತ್ತವೆ.

ಬಂಧುಗಳಿಗೆ ಕೊಡುವ ಭತ್ಯೆಯಲ್ಲಿ ಹಂತಗಳಿವೆ, ಸಾಮಾನ್ಯವಾಗಿ ಎಲ್ಲರನ್ನೂ ಕೆಳಗಿನ ಹಂತದಲ್ಲಿ ಸೇರಿಸುತ್ತಾರೆ. ಮಗುವಿಗೆ ವಿಶೇಷ ಅಗತ್ಯಗಳಿದ್ದರೆ ವೈದ್ಯರ, ಶಾಲೆಯ ಪತ್ರ ಸೇರಿಸಿ ಮೇಲಿನ ಹಂತಕ್ಕೆ ಕೇಳಬೇಕು. ಅಜ್ಜಿ ತಾವಾಗಿ ಕೇಳುವುದಿಲ್ಲ. ಮೂವರು ಮೊಮ್ಮಕ್ಕಳು ಒಮ್ಮೆಲೇ ಬಂದ ಮನೆಗೆ ಮೊದಲು ಬೇಕಾದದ್ದು ಹಾಸಿಗೆ, ಕಾರಿನ ಮಕ್ಕಳ ಸೀಟು, ಶಾಲೆಯ ಸಮವಸ್ತ್ರ. ಇವು ಅದೇ ವಾರ ತಲುಪದ ಕಾರಣಕ್ಕೇ ಮುರಿದುಬಿದ್ದು, ಅಜ್ಜಿಗೆ ಕೈಲಾಗಲಿಲ್ಲ ಎಂದು ಬರೆಸಿಕೊಂಡ ಏರ್ಪಾಡುಗಳಿವೆ.

ಸಂಸ್ಕೃತಿ ಯೋಜನೆಯ ಬಗ್ಗೆ ಒಂದು ಮಾತು ಕಟುವಾಗಿಯೇ ಹೇಳಬೇಕು. ಜುಲೈನಲ್ಲಿ ನಡೆಯುವ ಮೂಲನಿವಾಸಿ ಸಂಸ್ಕೃತಿಯ ಉತ್ಸವವಾದ ನೈಡಾಕ್ ವಾರಕ್ಕೆ ಕರೆದೊಯ್ಯುವುದು, ಧ್ವಜದ ಚಿತ್ರಕ್ಕೆ ಬಣ್ಣ ತುಂಬಿಸುವುದು ಎಂದಷ್ಟೇ ಬರೆದ ಯೋಜನೆ ಯಾವ ಮಗುವಿಗಾದರೂ ಅಂಟಿಸಬಹುದಾದ ಕಾಗದ. ನಿಜವಾದ ಯೋಜನೆಯಲ್ಲಿ ಹೆಸರುಗಳಿರುತ್ತವೆ: ಯಾವ ಅಂಕಲ್, ಯಾವ ರಜೆಯಲ್ಲಿ, ಮರ್ರಿ ನದಿಯ ಯಾವ ದಂಡೆಗೆ ಮೀನು ಹಿಡಿಯಲು ಒಯ್ಯುತ್ತಾರೆ, ಕಾರು ಯಾರದ್ದು, ಖರ್ಚು ಯಾವ ಬಜೆಟ್ಟಿನದ್ದು. ಮಗು ಸಮುದಾಯದ ಹೊರಗಿನ ಪೋಷಕರ ಬಳಿ ಇದ್ದರೆ ಅವರೂ ಆ ಪ್ರಯಾಣಕ್ಕೆ ಹೋಗಬೇಕು. ವರ್ಷಗಳಿಂದ ಸಾಕಿದ ಮಗುವನ್ನು ಸಂಸ್ಥೆ ಕಿತ್ತುಕೊಳ್ಳಬಹುದೆಂಬ ಭಯ ಅವರಿಗೆ ಸಹಜ. ಅವರನ್ನು ಎದುರಾಳಿಗಳಂತೆ ಕಂಡರೆ ಕಷ್ಟಪಡುವುದು ಮಗು.

ಸಣ್ಣ ಊರುಗಳಲ್ಲಿ ಇನ್ನೊಂದು ತೊಡಕಿದೆ. ಸಂಸ್ಥೆಯ ಕಾರ್ಯಕರ್ತೆ ಆ ಕುಟುಂಬದ ಸಂಬಂಧಿಯೇ ಆಗಿರುತ್ತಾರೆ, ಭಾನುವಾರದ ಫುಟ್‌ಬಾಲ್ ಮೈದಾನದಲ್ಲಿ ಎಲ್ಲರೂ ಎದುರಾಗುತ್ತಾರೆ. ತಮ್ಮ ಮನೆಯ ವಿಷಯ ಊರಿಗೆಲ್ಲ ತಿಳಿಯುತ್ತದೆಂದು ತಾಯಿ ಇಲಾಖೆಯೇ ಇರಲಿ ಎನ್ನಬಹುದು; ಆ ಆಯ್ಕೆಗೆ ಬೆಲೆ ಕೊಡಬೇಕು. ಸಂಬಂಧವಿರುವವರಿಗೆ ಆ ಫೈಲು ಕಂಪ್ಯೂಟರಿನಲ್ಲಿ ತೆರೆಯದಂತೆ ಮೊದಲ ದಿನವೇ ಬೀಗ ಹಾಕಿಸಿ. ಇಲ್ಲಿನ ಸಿಬ್ಬಂದಿಗೆ ಕೆಲಸ ಐದು ಗಂಟೆಗೆ ಮುಗಿಯುವುದಿಲ್ಲ. ಅನೇಕರ ಸ್ವಂತ ಮನೆಯಲ್ಲೂ ಇದೇ ಇತಿಹಾಸವಿದೆ. ಹಿರಿಯರ ಜತೆ ಕೂತು ಮನಸ್ಸು ಹಗುರ ಮಾಡಿಕೊಳ್ಳುವ ಹೊತ್ತನ್ನು ಸಂಬಳದ ವೇಳೆಯಲ್ಲೇ ಇಡದ ಸಂಸ್ಥೆಯಲ್ಲಿ ಜನ ನಿಲ್ಲುವುದಿಲ್ಲ.

ಕೋರ್ಟಿನ ಹಂತಕ್ಕೆ ಬಂದರೆ, ಬ್ರಾಡ್‌ಮೆಡೋಸ್‌ನ ಮಕ್ಕಳ ಕೋರ್ಟಿನಲ್ಲಿ 2016ರಲ್ಲಿ ಆರಂಭವಾದ ಮರಮ್-ನಾಲಾ ಗನ್ಬು ಎಂಬ ಕೂರಿ ಕುಟುಂಬ ವಿಚಾರಣೆ ಇದ್ದರೆ ಅದನ್ನೇ ಆರಿಸಿಕೊಳ್ಳಲು ಕುಟುಂಬಕ್ಕೆ ಹೇಳಿ. ನ್ಯಾಯಾಧೀಶರು ಮೇಜಿನ ಸುತ್ತ ಎಲ್ಲರ ಜತೆ ಕೂರುತ್ತಾರೆ, ತಾಯಿ ನೇರವಾಗಿ ಮಾತನಾಡಬಹುದು. ವರದಿಯ ಪ್ರತಿಯನ್ನು ವಕೀಲರಿಗೆ ಕಳಿಸಿ ಸುಮ್ಮನಾಗದೆ, ಹಿಂದಿನ ದಿನಗಳಲ್ಲೇ ತಾಯಿಯ ಮುಂದೆ ಓದಿ ಹೇಳಿ. ತನ್ನ ಬಗ್ಗೆ ಬರೆದದ್ದನ್ನು ಕೋರ್ಟಿನ ಮೊಗಸಾಲೆಯಲ್ಲಿ ಮೊದಲ ಬಾರಿ ಓದುವ ಪಾಡು ಯಾರಿಗೂ ಬೇಡ.

ಮಗು ಮನೆಗೆ ಮರಳುವುದು ಹಂತ ಹಂತವಾಗಿ: ಹಗಲು ಭೇಟಿ, ಒಂದು ರಾತ್ರಿ, ವಾರಾಂತ್ಯ, ರಜೆ, ಆಮೇಲೆ ಪೂರ್ತಿ. ಇಲ್ಲಿ ಬಡತನ ಅಡ್ಡಬರುತ್ತದೆ. ಮಕ್ಕಳು ಜತೆಯಲ್ಲಿಲ್ಲದ ತಾಯಿಗೆ ದೊಡ್ಡ ಸರ್ಕಾರಿ ಮನೆ ಮಂಜೂರಾಗುವುದಿಲ್ಲ, ಮನೆ ಇಲ್ಲದೆ ಮಕ್ಕಳು ಬರುವಂತಿಲ್ಲ. ಕೇಂದ್ರ ಸರ್ಕಾರದ ಕುಟುಂಬ ಭತ್ಯೆಗೆ ಮಗು ಕನಿಷ್ಠ 35 ಶೇಕಡಾ ಸಮಯ ಜತೆಗಿರಬೇಕು, ಹಾಗಾಗಿ ವಾರಾಂತ್ಯದ ಹಂತದಲ್ಲಿ ತಾಯಿಗೆ ಆ ಭತ್ಯೆಯ ಮೂಲ ಹಣ ಸಿಗುವುದಿಲ್ಲ. ಊಟದ ಖರ್ಚು ಮಾತ್ರ ಬಂದೇ ಬರುತ್ತದೆ. ಆ ತಿಂಗಳುಗಳ ದಿನಸಿ, ಬಸ್ಸು, ಕರೆಂಟ್ ಬಿಲ್ಲನ್ನು ಸಂಸ್ಥೆಯ ಬಜೆಟ್ಟಿನಲ್ಲಿ ಮೊದಲೇ ಇಟ್ಟಿರಬೇಕು. ಮನೆಗಾಗಿ ವಸತಿ ಸಂಸ್ಥೆಗೆ ಮರಳುವ ಯೋಜನೆಯ ತಾರೀಕು ಸಮೇತ ಪತ್ರ ಬರೆಯುವುದು, ಆರು ತಿಂಗಳು ಮುಂಚೆ, ಕಾರ್ಯಕರ್ತರ ಕೆಲಸ.

ಮರಳಿದ ಮೊದಲ ವಾರಗಳು ಚೆನ್ನಾಗಿರುತ್ತವೆ. ಕಷ್ಟ ಶುರುವಾಗುವುದು ಎರಡನೇ ತಿಂಗಳಲ್ಲಿ, ಮಗು ಅಮ್ಮನನ್ನು ಪರೀಕ್ಷಿಸಲು ಹೊರಟಾಗ, ಭೇಟಿಗಳು ಕಡಿಮೆಯಾದಾಗ. ಆ ಹೊತ್ತಿಗೆ ವಾರಕ್ಕೆ ಎರಡು ಭೇಟಿ ಇರುವಂತೆ ಪಾಳಿ ಮಾಡಿ, ಕುಟುಂಬ ಸಭೆಯಲ್ಲಿ ಮಾತು ಕೊಟ್ಟವರನ್ನು ಮತ್ತೆ ಕೂಡಿಸಿ. ಆದೇಶದ ಅವಧಿ ಮುಗಿದಾಗ ಅಧಿಕಾರವೂ ಮುಗಿಯುತ್ತದೆ. ಫೈಲು ಮುಚ್ಚುವ ಮೊದಲು ವಂಶವೃಕ್ಷದ ಸುರುಳಿಯ ಒಂದು ಪ್ರತಿ, ಫೋಟೋಗಳು, ಮಗು ಹೋಗಿಬಂದ ಊರುಗಳ ಪಟ್ಟಿಯನ್ನು ಕುಟುಂಬಕ್ಕೆ ಕೊಡಿ, ಇನ್ನೊಂದು ಪ್ರತಿಯನ್ನು ಫೈಲಿನಲ್ಲಿಡಿ. ಸಹಾಯ ಬೇಕಾದರೆ ದೂರು ದಾಖಲಾಗುವವರೆಗೆ ಕಾಯದೆ ಸಂಸ್ಥೆಯ ಕುಟುಂಬ ಬೆಂಬಲ ವಿಭಾಗಕ್ಕೆ ನೇರವಾಗಿ ಫೋನ್ ಮಾಡಬಹುದು ಎಂದು ತಾಯಿಗೆ ಹೇಳಿ, ಆ ವಿಭಾಗದವರನ್ನು ಕೊನೆಯ ಭೇಟಿಗೆ ಜತೆಯಲ್ಲೇ ಕರೆದೊಯ್ಯಿರಿ.